ಬೇಸಿಗೆ ಗ್ರಂಥಾಲಯ: ಬಾರದ ಮಕ್ಕಳಿಂದ ಶುರು ಮಾಡಿ

ರಾಯಚೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ನಾನು ಗ್ರಂಥಾಲಯ ಮೇಲ್ವಿಚಾರಕಿ. ಪಂಚಾಯಿತಿಗೆ ಸೇರಿದ ಊರು ನಾಲ್ಕು, ಲಂಬಾಣಿಗರ ತಾಂಡಾ ಎರಡು. ಗ್ರಂಥಾಲಯ ಮಾತ್ರ ಒಂದೇ ಊರಿನಲ್ಲಿ, ಒಂದೇ ಕೋಣೆಯಲ್ಲಿ. ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಬಿದ್ದರೆ ಮೇ ಕೊನೆಯವರೆಗೂ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ತೆರೆದಿರುವ ಸರ್ಕಾರಿ ಬಾಗಿಲು ಅದೊಂದೇ. ಒಂದು ಕೋಣೆ, ನಾಲ್ಕು ಕಪಾಟು, ಮೇಲಿನಿಂದ ಬಂದ ಒಂದು ಸುತ್ತೋಲೆ ಇಟ್ಟುಕೊಂಡು ಬೇಸಿಗೆ ಶಿಬಿರ ನಡೆಸಬೇಕಾದ ನನ್ನಂಥ ಮೇಲ್ವಿಚಾರಕರಿಗೆ, ಪಿಡಿಒಗಳಿಗೆ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ), ರಜೆಯಲ್ಲಿ ಕೈಜೋಡಿಸಲು ಬರುವ ಕಾಲೇಜು ಹುಡುಗ ಹುಡುಗಿಯರಿಗೆ ಇದನ್ನು ಬರೆಯುತ್ತಿದ್ದೇನೆ.

"ನಮ್ಮಲ್ಲಿ ಭೇದವಿಲ್ಲ, ಎಲ್ಲರಿಗೂ ಬಾಗಿಲು ತೆರೆದಿದೆ" ಎಂದು ಹೇಳುವ ಗ್ರಂಥಾಲಯಕ್ಕೆ ಮೇ ತಿಂಗಳ ಒಂದು ಬೆಳಿಗ್ಗೆ ಹೋಗಿ ನೋಡಿ. ಗುಡಿ ಓಣಿಯ ಮಕ್ಕಳು, ಕಿರಾಣಿ ಅಂಗಡಿಯವರ ಮಕ್ಕಳು, ಮಾಸ್ತರರ ಮಕ್ಕಳು, ರಜೆಗೆಂದು ಅಜ್ಜಿಯ ಮನೆಗೆ ಬಂದ ಬೆಂಗಳೂರಿನ ಮೊಮ್ಮಕ್ಕಳು ಕುಳಿತಿರುತ್ತಾರೆ. ದಲಿತರ ಕೇರಿಯ ಮಕ್ಕಳು ಕಿಟಕಿಯ ಹೊರಗೆ ನಿಂತು ಇಣುಕುತ್ತಿರುತ್ತಾರೆ. ತಾಂಡಾದವರು ಅಲ್ಲಿಗೂ ಬಂದಿರುವುದಿಲ್ಲ. ಬಾಗಿಲು ತೆರೆದಿಡುವುದು ಬೀಗ ತೆಗೆಯುವಷ್ಟು ಸುಲಭದ ಕೆಲಸ. ಮಿಕ್ಕ ಕೆಲಸವೆಲ್ಲ ಬಾಗಿಲಿನ ಆಚೆಗಿದೆ.

ಮಾರ್ಚ್‌ನಲ್ಲೇ ರಿಜಿಸ್ಟರ್ ಬಿಚ್ಚಿ

ಸದಸ್ಯತ್ವದ ರಿಜಿಸ್ಟರನ್ನು ನಂಬಬೇಡಿ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಒಳ್ಳೆಯ ಕೆಲಸವೇ. ಆದರೆ ಬಹಳ ಕಡೆ ಶಾಲೆಯ ಹಾಜರಿ ಪುಸ್ತಕದಿಂದ ಹೆಸರುಗಳನ್ನು ಸಾಲುಸಾಲಾಗಿ ಇಳಿಸಿಕೊಂಡು ಸದಸ್ಯತ್ವ ಮುಗಿಸಿದ್ದೂ ಉಂಟು. ಹೆಸರು ಇರುತ್ತದೆ, ಮಗು ಹೊಸ್ತಿಲನ್ನೂ ತುಳಿದಿರುವುದಿಲ್ಲ. ಹಾಗಾಗಿ ನೋಡಬೇಕಾದದ್ದು ಪುಸ್ತಕ ವಿತರಣೆಯ ವಹಿ ಮತ್ತು ದಿನದ ಸಹಿ ಪುಸ್ತಕ. ಕಳೆದ ವರ್ಷದ ಏಪ್ರಿಲ್, ಮೇ ಪುಟಗಳನ್ನು ತೆಗೆಯಿರಿ. ಒಂದು ಬೇರೆ ನೋಟ್‌ಬುಕ್ಕಿನಲ್ಲಿ ಪ್ರತಿ ಹೆಸರಿನ ಮುಂದೆ ಓಣಿ ಅಥವಾ ತಾಂಡಾ ಯಾವುದು, ಹುಡುಗಿಯೋ ಹುಡುಗನೋ ಎಂಬುದನ್ನಷ್ಟೇ ಬರೆಯಿರಿ. ಜಾತಿ ಬರೆಯಬೇಡಿ. ನಮ್ಮ ಊರುಗಳಲ್ಲಿ ಓಣಿ ಹೇಳಿದರೆ ಸಾಕು, ಮಿಕ್ಕದ್ದು ತಾನಾಗಿ ತಿಳಿಯುತ್ತದೆ. ಜಾತಿಯ ಕಾಲಂ ಇರುವ ವಹಿ ಮೇಜಿನ ಮೇಲೆ ಬಿದ್ದಿದ್ದರೆ ನಾಳೆ ಯಾರಾದರೂ ಅದನ್ನು ಬೇರೆ ಕೆಲಸಕ್ಕೆ ತೆಗೆಯುತ್ತಾರೆ.

ಆಮೇಲೆ ಶಾಲೆಯ ಮುಖ್ಯಶಿಕ್ಷಕರಿಂದ ಮೂರರಿಂದ ಎಂಟನೇ ತರಗತಿಯವರೆಗಿನ ಹೆಸರಿನ ಪಟ್ಟಿ ಪಡೆದು ಪಕ್ಕದಲ್ಲಿಡಿ. ರಜೆ ಶುರುವಾದ ಮೇಲೆ ಅವರು ಸಿಗುವುದಿಲ್ಲ, ಮಾರ್ಚ್‌ನಲ್ಲೇ ಕೇಳಿ. ಶಾಲೆಯ ಪಟ್ಟಿಯಲ್ಲಿದ್ದು ನಿಮ್ಮ ಪಟ್ಟಿಯಲ್ಲಿ ಇಲ್ಲದವರ ಮೂರನೆಯ ಪಟ್ಟಿಯೊಂದು ಸಿದ್ಧವಾಗುತ್ತದೆ. ನಿಮ್ಮ ಶಿಬಿರ ಇರುವುದು ಆ ಮೂರನೆಯ ಪಟ್ಟಿಗಾಗಿ. ಶಾಲೆ ಬಿಟ್ಟವರ ಹೆಸರು ಶಾಲೆಯಲ್ಲಿ ಸಿಗದಿದ್ದರೆ ಅಂಗನವಾಡಿ ಕಾರ್ಯಕರ್ತೆಯನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. ಯಾವ ಮನೆಯಲ್ಲಿ ಎಷ್ಟು ಮಕ್ಕಳು, ಯಾರು ಗುಳೆ ಹೋಗಿದ್ದಾರೆ, ಯಾರನ್ನು ಕುರಿ ಕಾಯಲು ಇಟ್ಟಿದ್ದಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ.

ಪಟ್ಟಿ ಹಿಡಿದು ಸಂಜೆಯ ಹೊತ್ತು ಮನೆಗಳಿಗೆ ಹೋಗಿ. "ಗ್ರಂಥಾಲಯಕ್ಕೆ ಏಕೆ ಬರುವುದಿಲ್ಲ?" ಎಂದು ಕೇಳಬೇಡಿ. ಆ ಪ್ರಶ್ನೆಗೆ ಮಕ್ಕಳು ತಲೆ ತಗ್ಗಿಸುತ್ತಾರೆ, ತಾಯಂದಿರು "ಇನ್ನು ಮೇಲೆ ಕಳಿಸುತ್ತೇವೆ ಅಕ್ಕ" ಎಂದು ಸುಳ್ಳು ಹೇಳುತ್ತಾರೆ. "ಇವತ್ತು ಎದ್ದಾಗಿನಿಂದ ಏನೇನು ಮಾಡಿದೆ?" ಎಂದು ಕೇಳಿ. ನಳಕ್ಕೆ ಕೊಡ ಇಟ್ಟು ಪಾಳಿ ಕಾದೆ, ತಮ್ಮನನ್ನು ಎತ್ತಿಕೊಂಡೆ, ರೊಟ್ಟಿ ತೆಗೆದುಕೊಂಡು ಕೆರೆ ಕೆಲಸದ ಹತ್ತಿರ ಹೋದೆ, ಮೇಕೆ ಬಿಟ್ಟುಕೊಂಡು ಹೋದೆ ಎಂದು ಒಂದೊಂದಾಗಿ ಹೇಳುತ್ತಾರೆ. ನಿಮ್ಮ ವೇಳಾಪಟ್ಟಿ ಅಲ್ಲೇ ಸಿಕ್ಕಿತು.

ಹೊತ್ತು

ನಮ್ಮ ಕಡೆಯ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ. ಬಿಸಿಲಿಗೆ ಅದು ಸರಿ. ಆದರೆ ಉದ್ಯೋಗ ಖಾತ್ರಿ ಕೆಲಸಕ್ಕೆ ಜನ ನಸುಕಿನಲ್ಲೇ ಹೊರಡುತ್ತಾರೆ. ತಾಯಿ ಕೆಲಸಕ್ಕೆ ಹೋದ ಮೇಲೆ ಮನೆಯ ದೊಡ್ಡ ಹುಡುಗಿಯೇ ಮನೆ. ಎಂಟರಿಂದ ಒಂದೂವರೆ ಎಂದರೆ ಅವಳಿಗೆ ಸರಿಯಾಗಿ ಕೈ ಬಿಡುವಿಲ್ಲದ ಹೊತ್ತು. ಬೆಳಗಿನ ಎರಡು ತಾಸು, ಸಂಜೆ ಐದರ ಮೇಲೆ ಎರಡು ತಾಸು ಎಂದು ಎರಡು ಪಾಳಿ ಮಾಡಿಕೊಳ್ಳಿ. ಹಾಗೆ ಮಾಡಲು ಪಿಡಿಒ ಅವರಿಂದ ಒಂದು ಲಿಖಿತ ಅನುಮತಿ ತೆಗೆದಿಟ್ಟುಕೊಳ್ಳಿ. ತಪಾಸಣೆಗೆ ಬಂದವರು ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಮುಚ್ಚಿದ್ದನ್ನು ಮಾತ್ರ ನೋಡುತ್ತಾರೆ, ಸಂಜೆ ಏಳಕ್ಕೆ ತೆರೆದಿದ್ದನ್ನು ನೋಡುವುದಿಲ್ಲ.

ನೀರುಗಂಟಿಯನ್ನು ಕೇಳಿ ನಳದ ನೀರು ಯಾವ ಓಣಿಗೆ ಯಾವಾಗ ಎಂಬುದನ್ನು ಗೋಡೆಯ ಮೇಲೆ ಬರೆದು ಹಾಕಿ. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ಹುಡುಗಿಯರ ಹಾಜರಿಯನ್ನು ನಿರ್ಧರಿಸುವುದು ಈ ಒಂದು ವಿಷಯ. ಕೇರಿಗೆ ನೀರು ಬಿಡುವ ಹೊತ್ತಿನಲ್ಲಿ ಕಥೆ ಹೇಳುವ ಕಾರ್ಯಕ್ರಮ ಇಟ್ಟು, "ಹೆಣ್ಣುಮಕ್ಕಳಿಗೆ ಆಸಕ್ತಿ ಕಡಿಮೆ" ಎಂದು ವರದಿಯಲ್ಲಿ ಬರೆದ ಶಿಬಿರಗಳನ್ನು ಕಂಡಿದ್ದೇನೆ.

ಕಂಕುಳಲ್ಲಿ ಕೂಸು ಎತ್ತಿಕೊಂಡು ಬರುವ ಹುಡುಗಿಯನ್ನು "ಕೂಸು ಬಿಟ್ಟು ಬಾ" ಎಂದು ವಾಪಸು ಕಳಿಸಬೇಡಿ. ಪಂಚಾಯಿತಿಯಲ್ಲಿ ಕೂಲಿಗೆ ಹೋಗುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳುವ 'ಕೂಸಿನ ಮನೆ' ನಡೆಯುತ್ತಿದ್ದರೆ ಚಿಕ್ಕ ಕೂಸನ್ನು ಅಲ್ಲಿಗೆ ಸೇರಿಸಲು ತಾಯಿಯ ಜೊತೆ ಮಾತಾಡಿ. ಇಲ್ಲದಿದ್ದರೆ ಕೋಣೆಯ ಒಂದು ಮೂಲೆಗೆ ಕೌದಿ ಹಾಸಿ, ದಪ್ಪ ರಟ್ಟಿನ ಚಿತ್ರಪುಸ್ತಕ, ಖಾಲಿ ಡಬ್ಬಿ, ಚಮಚ ಇಡಿ. ಗದ್ದಲವಾಗುತ್ತದೆ. ಆಗಲಿ. ಮೌನದ ಫಲಕವನ್ನು ಎರಡು ತಿಂಗಳ ಮಟ್ಟಿಗೆ ಕಪಾಟಿನ ಹಿಂದೆ ಇಟ್ಟುಬಿಡಿ.

ಜಾಗ, ಮಡಕೆ, ಕಸಬರಿಗೆ

ಬೇಸಿಗೆ ಶಿಬಿರವೆಂದ ಕೂಡಲೇ ಊರ ಹಿರಿಯರು ಪ್ರೀತಿಯಿಂದಲೇ ಹೇಳುವ ಮಾತು: "ಗುಡಿಯ ಪ್ರಾಂಗಣ ದೊಡ್ಡದಿದೆ, ನೆರಳಿದೆ, ಫ್ಯಾನಿದೆ, ಅಲ್ಲೇ ಮಾಡವ್ವಾ." ಬೇಡ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿ ದಶಕಗಳೇ ಕಳೆದರೂ ಯಾವ ಮಗು ಯಾವ ಕಟ್ಟೆಯವರೆಗೆ ಹೋಗಬಹುದು ಎಂಬುದು ಆ ಮಗುವಿಗೆ ಚೆನ್ನಾಗಿ ಗೊತ್ತಿರುತ್ತದೆ. ಅದು ಬಾಯಿ ಬಿಟ್ಟು ಹೇಳುವುದಿಲ್ಲ, ಬರುವುದಿಲ್ಲ ಅಷ್ಟೇ. ಮಠ, ಗುಡಿ, ಮಸೀದಿ, ಯಾರದೋ ಮನೆಯ ಪಡಸಾಲೆ, ಯಾವುದೋ ಪಕ್ಷದವರ ಕಟ್ಟೆ, ಇವೆಲ್ಲ ಬಿಟ್ಟು ಶಾಲೆ, ಅಂಗನವಾಡಿ, ಪಂಚಾಯಿತಿ ಸಭಾಂಗಣ, ಬೇವಿನ ಮರ ಹುಡುಕಿ. ಹಿರಿಯರಿಗೆ ಕಾರಣ ಹೇಳುವಾಗ ಭಾಷಣ ಬೇಡ. "ಸರ್ಕಾರಿ ಜಾಗದಲ್ಲೇ ಮಾಡಬೇಕು" ಎಂದರೆ ಸಾಕು, ಆ ಮಾತಿಗೆ ಯಾರೂ ಎದುರು ಆಡುವುದಿಲ್ಲ.

ಅದಕ್ಕಿಂತ ಒಳ್ಳೆಯದು, ಗ್ರಂಥಾಲಯವೇ ಎದ್ದು ಹೋಗುವುದು. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಸಂಚಾರಿ ಗ್ರಂಥಾಲಯ ಹೊರಟಿತ್ತು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿದ ಎಸ್. ಆರ್. ರಂಗನಾಥನ್ ಅದನ್ನು ಉದ್ಘಾಟಿಸಿದ್ದರು. ಎತ್ತು ಹೂಡಿ ಆಗಿದ್ದ ಕೆಲಸ ಟಂಟಂ, ಬೈಕು ಇರುವ ಕಾಲದಲ್ಲಿ ಆಗುವುದಿಲ್ಲ ಎಂದರೆ ನಂಬಲಾರೆ. ಒಂದು ತಗಡಿನ ಪೆಟ್ಟಿಗೆಯಲ್ಲಿ ನಲವತ್ತು ಪುಸ್ತಕ, ಒಂದು ಜಮಖಾನ, ಒಂದು ವಹಿ. ವಾರದಲ್ಲಿ ಎರಡು ಸಂಜೆ ತಾಂಡಾಕ್ಕೆ, ಒಂದು ಸಂಜೆ ಕೇರಿಗೆ. ತಾಂಡಾಕ್ಕೆ ಹೋಗುವ ಮೊದಲು ಅಲ್ಲಿನ ಮುಖಂಡರಾದ ನಾಯಕರನ್ನೂ ಕಾರಭಾರಿಯನ್ನೂ ಕಂಡು ಹೇಳಿ. ಅವರು ಒಪ್ಪಿದರೆ ಸೇವಾಲಾಲ್ ಗುಡಿಯ ಮುಂದಿನ ಬಯಲೇ ನಿಮ್ಮದು. ಈಗಷ್ಟೇ ಗುಡಿ ಬೇಡವೆಂದೆನಲ್ಲ ಎಂದು ಕೇಳಬೇಡಿ. ಆ ಬಯಲಿಗೆ ತಾಂಡಾದ ಎಲ್ಲ ಮಕ್ಕಳೂ ಬರುತ್ತಾರೆ, ನಮಗೆ ಬೇಕಾದದ್ದು ಅಷ್ಟೇ. ಪೆಟ್ಟಿಗೆಯ ಬೀಗದ ಕೈಯನ್ನು ತಾಂಡಾದಲ್ಲೇ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಕುಳಿತಿರುವ ಹುಡುಗಿಗೆ ಕೊಡಿ. ಫಲಿತಾಂಶ ಬಂದು ಮುಂದಿನ ಕಾಲೇಜು ಶುರುವಾಗುವವರೆಗೆ ಅವಳಿಗೆ ಬಿಡುವು, ಮಕ್ಕಳಿಗೆ ಅವಳ ಮಾತು ತಮ್ಮ ಮನೆಯ ಮಾತು.

ಆದರೆ ಪೆಟ್ಟಿಗೆ ಕಳಿಸಿದೆವೆಂದು ಕೋಣೆಯನ್ನು ಗುಡಿ ಓಣಿಗೆ ಬಿಟ್ಟುಕೊಡಬೇಡಿ. ಕೋಣೆಗೂ ಎಲ್ಲರೂ ಬರಬೇಕು. ಇಲ್ಲದಿದ್ದರೆ ನೀವು ಎರಡು ಗ್ರಂಥಾಲಯ ಕಟ್ಟಿದಂತೆ, ಒಂದು ಮೇಲಿನವರಿಗೆ, ಒಂದು ಕೆಳಗಿನವರಿಗೆ.

ಈಗ ಮಡಕೆಯ ವಿಷಯ. ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ಕುಡಿಯುವ ನೀರಿಲ್ಲದೆ ಶಿಬಿರವಿಲ್ಲ, ಭೇದ ಮೊದಲು ಕಾಣುವುದೂ ಅಲ್ಲೇ. ಎರಡು ಮಡಕೆ ಇಟ್ಟರೆ ಮೂರನೇ ದಿನಕ್ಕೆ ಒಂದು ಇವರದು, ಒಂದು ಅವರದು ಎಂದಾಗಿರುತ್ತದೆ. ಯಾರೂ ಹೇಳಿಕೊಟ್ಟಿರುವುದಿಲ್ಲ, ಮನೆಯಲ್ಲಿ ಕಂಡದ್ದನ್ನು ಮಕ್ಕಳು ಮಾಡುತ್ತಾರೆ. ಒಂದೇ ದೊಡ್ಡ ಮಡಕೆ ಇಡಿ, ಉದ್ದ ಹಿಡಿಯ ಒಂದು ಸೌಟು, ಎರಡು ಸ್ಟೀಲ್ ಲೋಟ. ದಿನಕ್ಕೊಬ್ಬರು ನೀರು ಹಾಕಿ ಕೊಡುವ ಪಾಳಿ. ಮೊದಲ ದಿನದ ಪಾಳಿ ಕೇರಿಯ ಮಗುವಿನದಾಗಿರಲಿ, ಮೊದಲ ಲೋಟ ಕುಡಿಯುವವರು ನೀವಾಗಿರಿ, ಎಲ್ಲರ ಎದುರಿಗೆ, ಏನೂ ವಿಶೇಷ ನಡೆಯುತ್ತಿಲ್ಲ ಎಂಬ ಹಾಗೆ. ನಮ್ಮಲ್ಲಿ ಒಬ್ಬ ಹಿರಿಯರು ಬಂದು, "ನಮ್ಮ ಹುಡುಗನಿಗೆ ಮನೆಯಿಂದಲೇ ನೀರು ಕಳಿಸುತ್ತೇವೆ ತಂಗಿ" ಎಂದರು. "ಕಳಿಸಿ ಕಾಕಾ, ಬಾಟಲಿ ಖಾಲಿಯಾದರೆ ಮಡಕೆ ಇದೆ" ಎಂದೆ. ಬಾಟಲಿ ಒಂಬತ್ತು ಗಂಟೆಗೇ ಖಾಲಿಯಾಗುತ್ತಿತ್ತು. ಹುಡುಗ ಎರಡು ದಿನ ಬಾಯಾರಿಸಿಕೊಂಡು ಕುಳಿತ, ಆಮೇಲೆ ಪಾಳಿಗೆ ನಿಂತ. ನಾನೂ ಏನೂ ಕೇಳಲಿಲ್ಲ, ಕಾಕಾ ಕೂಡ ಮತ್ತೆ ಬರಲಿಲ್ಲ. ಜಗಳ ಮಾಡಿ ಗೆಲ್ಲಬಹುದಾದ ಜಾಗವಲ್ಲ ಇದು. ಹಾಗೆಂದು ಎರಡನೇ ಮಡಕೆ ತಂದಿಡುವುದೂ ಆಗದು. ಯಾರಾದರೂ ಒಂದು ಮಗುವನ್ನು ಬಾಯಿಬಿಟ್ಟು ಅವಮಾನಿಸಿದರೆ ಆಗ ಸಮಾಧಾನದ ಮಾತು ಸಾಕು ಮಾಡಿ ಪಿಡಿಒಗೆ ಲಿಖಿತವಾಗಿ ಕೊಡಿ, ಅಂಥದ್ದಕ್ಕೆ ಕಾನೂನಿದೆ.

ಕಸ ಗುಡಿಸುವುದನ್ನೂ ಹೀಗೇ ಗಮನಿಸಿ. "ಯಾರಾದರೂ ಕಸ ಹೊಡೆಯಿರಪ್ಪಾ" ಎಂದರೆ ಏಳುವುದು ಯಾವಾಗಲೂ ಅದೇ ಓಣಿಯ ಮಗು. "ಯಾರಾದರೂ ನೀರು ತನ್ನಿ" ಎಂದರೆ ಏಳುವುದು ಹುಡುಗಿ. "ವಂದನಾರ್ಪಣೆ ಯಾರು ಮಾಡುತ್ತೀರಿ?" ಎಂದರೆ ಎದ್ದು ನಿಲ್ಲುವುದು ಯಾರೆಂದು ನಿಮಗೇ ಗೊತ್ತು. 'ಯಾರಾದರೂ' ಎನ್ನುವುದನ್ನೇ ಬಿಡಿ, ಎಲ್ಲದಕ್ಕೂ ಚೀಟಿ ಎತ್ತಿ. ಗುಂಪು ಮಾಡುವುದಕ್ಕೂ ಚೀಟಿಯೇ. ಹುಟ್ಟಿದ ತಿಂಗಳ ಪ್ರಕಾರ ಗುಂಪು ಮಾಡಿ ಎಂದು ತರಬೇತಿಯಲ್ಲಿ ಹೇಳುತ್ತಾರೆ. ನಮ್ಮ ಕಡೆ ಅರ್ಧ ಮಕ್ಕಳು ಶಾಲೆಯ ದಾಖಲೆಯ ಪ್ರಕಾರ ಜೂನ್ ಒಂದರಂದೇ ಹುಟ್ಟಿದವರು, ಒಂದೇ ಗುಂಪು ಆಗುತ್ತದೆ.

ಶೌಚಾಲಯದ ಮಾತನ್ನು ಯಾರೂ ಎತ್ತುವುದಿಲ್ಲ. ಗ್ರಂಥಾಲಯಕ್ಕೆ ಶೌಚಾಲಯವಿಲ್ಲದಿದ್ದರೆ ಪಕ್ಕದ ಶಾಲೆಯದರ ಬೀಗದ ಕೈ ರಜೆಗೆ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ. ಏಳು, ಎಂಟನೇ ತರಗತಿಯ ಹುಡುಗಿಯರು ಒಂದು ವಾರ ಬಂದು ಆಮೇಲೆ ನಿಂತುಬಿಟ್ಟರೆ ಮೊದಲು ಇದನ್ನು ನೋಡಿ.

ಅರ್ಜಿ ನಮೂನೆ ಮತ್ತು ಮೇಕೆ ತಿಂದ ಪುಸ್ತಕ

ಶಿಬಿರದ ನೋಂದಣಿಗೆ ಮಗುವಿನ ಹೆಸರು, ಓಣಿ, ಮನೆಯಲ್ಲಿ ಯಾರನ್ನು ಕರೆಯಬೇಕು, ಇಷ್ಟು ಸಾಕು. ಆಧಾರ್ ನಕಲು, ಎರಡು ಭಾವಚಿತ್ರ ಕೇಳಿದರೆ ಝೆರಾಕ್ಸ್ ಅಂಗಡಿ ಇಲ್ಲದ ತಾಂಡಾದ ತಾಯಿ ಒಂದು ದಿನದ ಕೂಲಿ ಬಿಟ್ಟು ಹೋಬಳಿಗೆ ಹೋಗಬೇಕಾಗುತ್ತದೆ. ಅವಳು ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ.

ನಮೂನೆಯಲ್ಲಿ 'ತಂದೆಯ ಹೆಸರು' ಎಂದು ಅಚ್ಚಾಗಿದ್ದರೆ ಅದನ್ನು ಹೊಡೆದು 'ಪಾಲಕರ ಹೆಸರು' ಎಂದು ಬರೆಯಿರಿ. ದೇವದಾಸಿ ಪದ್ಧತಿಯನ್ನು ರಾಜ್ಯ 1982ರ ಕಾಯ್ದೆಯಿಂದ ನಿಷೇಧಿಸಿತು. ಆದರೆ ಆ ತಾಯಂದಿರ ಮಕ್ಕಳು, ಮೊಮ್ಮಕ್ಕಳು ನಮ್ಮ ಜಿಲ್ಲೆಯ, ಕೊಪ್ಪಳ, ಬಳ್ಳಾರಿ ಕಡೆಯ ಊರುಗಳಲ್ಲಿ ಇದ್ದಾರೆ. ಆ ಖಾಲಿ ಗೆರೆಯ ಮುಂದೆ ಪೆನ್ನು ಹಿಡಿದು ನಿಂತ ಮಗುವನ್ನು ಹಿಂದಿನಿಂದ ಇನ್ನೊಬ್ಬ "ಬರಿ, ನಿಮ್ಮಪ್ಪನ ಹೆಸರು ಬರಿ" ಎಂದು ತಿವಿಯುವುದನ್ನು ನೋಡಿದವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ. ಗಂಡ ಬಿಟ್ಟವರ, ವಿಧವೆಯರ, ಅಜ್ಜಿಯ ಕೈಯಲ್ಲಿ ಬೆಳೆಯುವ ಮಕ್ಕಳಿಗೂ ಇದರಿಂದ ಅನುಕೂಲ.

ಪುಸ್ತಕ ಮನೆಗೆ ಕೊಡಲು ಠೇವಣಿ ಬೇಡ, ದಂಡದ ಹೆದರಿಕೆಯೂ ಬೇಡ. "ಹರಿದರೆ ದುಡ್ಡು ಕಟ್ಟಬೇಕು" ಎಂಬ ಒಂದು ಮಾತಿಗೆ ಬಡವರ ಮನೆಯ ತಾಯಿ ಮಾರನೆಯ ದಿನವೇ ಪುಸ್ತಕ ವಾಪಸು ಕಳಿಸುತ್ತಾಳೆ, ಮಗು ಅದನ್ನು ಬಿಚ್ಚಿರುವುದೂ ಇಲ್ಲ. ಮೇಕೆ ಕಾಯುವ ಹುಡುಗನೊಬ್ಬ ನಮ್ಮಲ್ಲಿ ನಕ್ಷತ್ರಗಳ ಮೇಲಿನ ಪುಸ್ತಕ ಒಯ್ದು, ಒಂದು ಮೂಲೆಯನ್ನು ಪುಟ ಸಂಖ್ಯೆಯ ಸಮೇತ ಮೇಕೆಗೆ ತಿನ್ನಿಸಿ ತಂದ. ಕಚ್ಚಿದ ಗುರುತು ಅರ್ಧಚಂದ್ರದ ಹಾಗೆ ಎಲ್ಲ ಹಾಳೆಗಳಲ್ಲೂ ಒಂದೇ ಅಳತೆಯಲ್ಲಿತ್ತು. ಅಳುಮೋರೆ ಮಾಡಿಕೊಂಡೇ ಸಪ್ತರ್ಷಿ ಮಂಡಲ ಎಲ್ಲಿ ಕಾಣುತ್ತದೆ ಎಂಬುದನ್ನೂ ಹೇಳಿದ. ಅಂಥ ಪುಸ್ತಕಗಳಿಗೆ ಬೇರೆ ವಹಿ ಇಡಿ: ಹೆಸರು, ದಿನಾಂಕ, 'ಓದಿ ಹರಿದದ್ದು'. ವರ್ಷಕ್ಕೊಮ್ಮೆ ಪಂಚಾಯಿತಿ ಸಾಮಾನ್ಯ ಸಭೆಯ ಮುಂದಿಟ್ಟು ಲೆಕ್ಕದಿಂದ ತೆಗೆಸಿ. ಸವಕಲು ಪುಸ್ತಕ ತೆಗೆದುಹಾಕುವುದು ಗ್ರಂಥಾಲಯದ ದಿನನಿತ್ಯದ ಕೆಲಸವೇ. ಅದರ ದುಡ್ಡು ಮೇಲ್ವಿಚಾರಕರ ಕೈಯಿಂದ ಹೋಗುತ್ತದೆಂಬ ಭಯದಿಂದ ಎಷ್ಟೋ ಕಪಾಟುಗಳಿಗೆ ಬೀಗ ಬಿದ್ದಿದೆ.

ಓದು

ಮೂರನೆಯ ಪಟ್ಟಿಯ ಮಕ್ಕಳು ಬರತೊಡಗಿದ ಮೇಲೆ ಕಾಣುವ ಸಂಗತಿ: ಆರನೇ ತರಗತಿಯ ಹುಡುಗನಿಗೆ ಒತ್ತಕ್ಷರ ಓದಲು ಬರುವುದಿಲ್ಲ. ಅವನ ಕೈಗೆ ಒಂದನೇ ತರಗತಿಯ ಪುಸ್ತಕ ಕೊಟ್ಟರೆ ಪಕ್ಕದವರು ನಗುತ್ತಾರೆ, ಅವನು ನಾಳೆ ಬರುವುದಿಲ್ಲ. ಇದಕ್ಕೆ ಒಂದು ಉಪಾಯವಿದೆ. ಅವನನ್ನು ಚಿಕ್ಕವರ ಗುಂಪಿಗೆ ಕಥೆ ಹೇಳುವವನನ್ನಾಗಿ ಮಾಡಿ. "ನಾಳೆ ಈ ಪುಸ್ತಕವನ್ನು ನಿನ್ನ ತಮ್ಮನಿಗೆ, ಅವನ ಗೆಳೆಯರಿಗೆ ಓದಿ ಹೇಳಬೇಕು, ಇವತ್ತು ನನ್ನ ಮುಂದೆ ಒಮ್ಮೆ ಓದಿ ನೋಡು" ಎನ್ನಿ. ಪುಟಕ್ಕೆರಡು ಸಾಲಿನ ಚಿತ್ರಪುಸ್ತಕವನ್ನು ಅವನು ಮಾನ ಹೋಗದೆ ಹತ್ತು ಸಲ ಓದುತ್ತಾನೆ. ತಮ್ಮನಿಗೂ ಕಥೆ ಸಿಗುತ್ತದೆ.

ಲಂಬಾಣಿ ಮಕ್ಕಳಿಗೆ ಮನೆಯಲ್ಲಿ ಗೋರ್ ಬೋಲಿ, ಗಡಿಯ ಕಡೆಯವರಿಗೆ ತೆಲುಗು, ಕೆಲವು ಓಣಿಗಳಲ್ಲಿ ಉರ್ದು. ಕನ್ನಡ ಅವರಿಗೆ ಶಾಲೆಯ ಭಾಷೆ. ರಜೆಯಲ್ಲಿ ಅದೂ ತಪ್ಪಿದರೆ ಜೂನ್‌ನಲ್ಲಿ ಮತ್ತೆ ಮೊದಲಿನಿಂದ. ಮನೆಮಾತಿನಲ್ಲಿ ಕಥೆ ಹೇಳಲು ಬಿಡಿ, ಅದನ್ನೇ ಕನ್ನಡ ಅಕ್ಷರದಲ್ಲಿ ದೊಡ್ಡ ಹಾಳೆಯ ಮೇಲೆ ಬರೆಸಿ, ಪಕ್ಕದಲ್ಲಿ ಕನ್ನಡದಲ್ಲೂ ಬರೆಸಿ, ಚಿತ್ರ ಬಿಡಿಸಿ, ದಾರ ಹಾಕಿ ಹೊಲೆದು ಕಪಾಟಿನಲ್ಲಿಡಿ. ತಾಂಡಾದ ಮುದುಕಿಯರನ್ನು ಕರೆಸಿ ಕಥೆ ಹೇಳಿಸಿ. ಸ್ಟೋರಿವೀವರ್ ತಾಣದಲ್ಲಿ ಮುಕ್ತ ಪರವಾನಗಿಯ ಕನ್ನಡ ಮಕ್ಕಳ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ತೆಲುಗು, ಉರ್ದು ಪುಸ್ತಕಗಳೂ ಇವೆ. ಪಂಚಾಯಿತಿಯ ಪ್ರಿಂಟರಿನಲ್ಲಿ ಕಪ್ಪು ಬಿಳುಪಿನಲ್ಲಿ ತೆಗೆದರೂ ನಡೆಯುತ್ತದೆ, ಬಣ್ಣ ಮಕ್ಕಳೇ ತುಂಬುತ್ತಾರೆ. ಬಣ್ಣದ ಪೆನ್ಸಿಲ್ ಮನೆಯಿಂದ ತರಲು ಹೇಳಬೇಡಿ. ಡಬ್ಬಿಯೊಂದರಲ್ಲಿ ಎಲ್ಲರಿಗೂ ಸೇರಿ ಇಡಿ.

ಸ್ಪರ್ಧೆಗಳ ವಿಚಾರದಲ್ಲಿ ನನ್ನದು ಗಟ್ಟಿ ಅಭಿಪ್ರಾಯ: ಬೇಡವೇ ಬೇಡ. ಭಾಷಣ, ಪ್ರಬಂಧ, ರಸಪ್ರಶ್ನೆ ಇಟ್ಟರೆ ಬಹುಮಾನಗಳು ಬೆಂಗಳೂರಿನ ಮೊಮ್ಮಕ್ಕಳ ಚೀಲ ಸೇರಿ ಜೂನ್‌ನಲ್ಲಿ ಬಸ್ ಹತ್ತುತ್ತವೆ. ಆ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಕೆಲಸ ಕೊಡಿ. ನೀರಿನ ಪಾಳಿ, ಕಸದ ಪಾಳಿ ಅವರಿಗೂ ಬರಲಿ. ಇಂಗ್ಲಿಷ್ ಪುಸ್ತಕದ ಒಂದು ಪುಟ ಅವರು ಓದಿ ಹೇಳಿದರೆ, ಮರ ಹತ್ತಿ ಗೀಜಗನ ಗೂಡು ತೋರಿಸುವುದು ತಾಂಡಾದವರ ಸರದಿ.

ಅಂಗವಿಕಲ ಮಕ್ಕಳು ಯಾವ ಮನೆಯಲ್ಲಿದ್ದಾರೆ ಎಂಬುದು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಗೊತ್ತು. ಅವರ ಜೊತೆಗೇ ಮನೆಗೆ ಹೋಗಿ. ಕರೆತರಲು ಆಗದ ಮಗುವಿಗೆ ವಾರಕ್ಕೊಮ್ಮೆ ಪುಸ್ತಕವೂ ಒಬ್ಬ ಓದುಗೆಳೆಯನೂ ಹೋಗಲಿ. ಕಣ್ಣು ಕಾಣದ ಮಕ್ಕಳಿಗೆ 2016ರಲ್ಲಿ ಶುರುವಾದ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಸಂಗ್ರಹವಿದೆ, ಸದಸ್ಯತ್ವ ಮಾಡಿಸಿ. ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿಸಲು ದುಡ್ಡಿಲ್ಲ ಎಂದರೆ, ಪಂಚಾಯಿತಿ ತನ್ನ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗಾಗಿ ತೆಗೆದಿಡಬೇಕಾದದ್ದನ್ನು ನೆನಪಿಸಿ.

ಹೊಟ್ಟೆ ಮತ್ತು ಗುಳೆ

ಶಾಲೆ ನಡೆಯುವಾಗ ಬಿಸಿಯೂಟ ಇರುತ್ತದೆ, ರಜೆಯಲ್ಲಿ ಇಲ್ಲ. ಬರ ಬಿದ್ದ ವರ್ಷಗಳಲ್ಲಿ ಸರ್ಕಾರ ರಜೆಯಲ್ಲೂ ಊಟ ಕೊಟ್ಟದ್ದುಂಟು. 2024ರ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಹಾಗೆ ನಡೆಯಿತು. ಅಂಥ ಆದೇಶವಿದ್ದ ವರ್ಷ ಶಿಬಿರದ ಬೆಳಗಿನ ಪಾಳಿಯನ್ನು ಊಟದ ಹೊತ್ತಿಗೆ ಜೋಡಿಸಿ, ಜಾಗವೂ ಶಾಲೆಯಲ್ಲೇ ಇರಲಿ. ಇಲ್ಲದ ವರ್ಷ ಶೇಂಗಾ, ಬೆಲ್ಲ, ಚುರುಮುರಿ, ಮಜ್ಜಿಗೆ ಸಾಕು. ಮನೆಯಿಂದ ಡಬ್ಬಿ ತರುವುದು ಬೇಡ ಎಂದು ಮೊದಲೇ ಹೇಳಿ. ಡಬ್ಬಿ ಬಿಚ್ಚಿದ ಕ್ಷಣ ಯಾರ ಮನೆಯಲ್ಲಿ ಏನಿದೆ, ಯಾರ ಮನೆಯಲ್ಲಿ ಏನಿಲ್ಲ, ಯಾರು ಏನು ತಿನ್ನುವವರು ಎಂಬುದೆಲ್ಲ ಹರಡಿಕೊಳ್ಳುತ್ತದೆ.

ಗುಳೆ ಹೋಗುವ ಮನೆಗಳಿಗೆ ವಾಪಸಾತಿಯ ದಿನಾಂಕವಿಲ್ಲದ ಪುಸ್ತಕ ಕೊಡಿ. ಮಗುವಿಗೊಂದು ಬಟ್ಟೆಚೀಲ, ಅದರಲ್ಲಿ ನಾಲ್ಕೈದು ಪುಸ್ತಕ, ಒಂದು ನೋಟ್‌ಬುಕ್ಕು, ಪೆನ್ಸಿಲು. ಬೆಂಗಳೂರಿನ ಕಟ್ಟಡದ ಕೆಲಸದ ಶೆಡ್ಡಿನಲ್ಲೋ ಗೋವಾದಲ್ಲೋ ಅದು ಓದಿಸಿಕೊಳ್ಳಲಿ, ದೀಪಾವಳಿಗೆ ಬಂದರೂ ಸರಿ. ಹಾಗೆಯೇ ನಿಮ್ಮ ಊರಿನ ಅಂಚಿನ ಇಟ್ಟಿಗೆ ಭಟ್ಟಿಗೆ ಬೇರೆ ಕಡೆಯಿಂದ ಬಂದವರ ಮಕ್ಕಳಿದ್ದಾರೆ, ಬಯಲಲ್ಲಿ ಗುಡಾರ ಹಾಕಿದ ಅಲೆಮಾರಿಗಳ ಮಕ್ಕಳಿದ್ದಾರೆ. ಅವರು ನಮ್ಮ ಪಂಚಾಯಿತಿಯವರಲ್ಲ ಎಂದು ವಹಿಯಲ್ಲಿ ಜಾಗವಿಲ್ಲದಿದ್ದರೆ ವಹಿಯ ಕೊನೆಯ ಪುಟದಲ್ಲಿ ಬರೆದುಕೊಳ್ಳಿ. ವಿಳಾಸದ ಕಾಲಂನಲ್ಲಿ 'ಭಟ್ಟಿ' ಎಂದರೆ ಸಾಕು.

ದುಡ್ಡು, ಠರಾವು, ವರದಿ

ಇದೆಲ್ಲಕ್ಕೂ ಬೇಕಾಗುವ ಹಣ ಅಷ್ಟೇನೂ ದೊಡ್ಡದಲ್ಲ, ಆದರೆ ಬಾಯಿಮಾತಿನಲ್ಲಿ ಸಿಗುವುದಿಲ್ಲ. ಫೆಬ್ರವರಿಯ ಸಾಮಾನ್ಯ ಸಭೆಗೇ ವಿಷಯ ಸೇರಿಸಿ, ಠರಾವಿನಲ್ಲಿ 'ತಾಂಡಾ ಮತ್ತು ಕೇರಿಗೆ ಪೆಟ್ಟಿಗೆ ಗ್ರಂಥಾಲಯ, ಸಾಗಾಣಿಕೆ ಸಹಿತ' ಎಂದು ಸ್ಪಷ್ಟವಾಗಿ ಬರೆಸಿ. ಸುಮ್ಮನೆ 'ಬೇಸಿಗೆ ಶಿಬಿರದ ವೆಚ್ಚ' ಎಂದರೆ ಅದು ಶಾಮಿಯಾನ, ಹಾರ, ಶಾಲುಗಳಿಗೆ ಹೋಗುತ್ತದೆ. ಸದಸ್ಯರು ಗೊಣಗಿದರೆ ಮನೆ ತೆರಿಗೆಯ ಒಂದು ರಸೀದಿ ತೋರಿಸಿ. ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಇದೆ, ಇದಕ್ಕೆ ಮೂಲ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಆ ಕರವನ್ನು ಕೇರಿಯವರೂ ಕಟ್ಟುತ್ತಾರೆ, ತಾಂಡಾದವರೂ ಕಟ್ಟುತ್ತಾರೆ. ಕೇರಿಯ ವಾರ್ಡಿನ ಸದಸ್ಯೆ ಆ ರಸೀದಿ ಹಿಡಿದು ಮಾತಾಡಿದರೆ ನೀವು ಮಾತಾಡಿದ್ದಕ್ಕಿಂತ ಬೇಗ ಕೆಲಸವಾಗುತ್ತದೆ. ನವೆಂಬರ್ ಹೊತ್ತಿಗೆ ನಡೆಯುವ ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ಇದನ್ನು ಕೇಳಿ ನಡಾವಳಿಯಲ್ಲಿ ದಾಖಲಾಗಿದ್ದರಂತೂ ಫೆಬ್ರವರಿಯಲ್ಲಿ ನಿಮ್ಮ ಕೆಲಸ ಅರ್ಧ ಮುಗಿದಂತೆ.

ಶುರು ಮಾಡುವ ದಿನ ಏಪ್ರಿಲ್ 14 ಆಗಿರಲಿ. ಅಂಬೇಡ್ಕರ್ ಜಯಂತಿಗೆ ಕೇರಿಯಲ್ಲಿ ಹೇಗೂ ಎಲ್ಲರೂ ಸೇರಿರುತ್ತಾರೆ, ಆ ವೇದಿಕೆಯ ಪಕ್ಕದಲ್ಲೇ ಪುಸ್ತಕ ಹರಡಿ ನೋಂದಣಿ ಮಾಡಿಕೊಳ್ಳಬಹುದು. ಬೇರೆ ಉದ್ಘಾಟನೆ ಬೇಡ.

ವರದಿಯಲ್ಲಿ ಮೇಲಿನವರು ಒಟ್ಟು ಸಂಖ್ಯೆ ಮತ್ತು ಫೋಟೊ ಕೇಳುತ್ತಾರೆ. ಕೊಡಿ. ಆದರೆ ಒಟ್ಟು ಸಂಖ್ಯೆಯ ಕೆಳಗೆ ಇನ್ನೂ ಮೂರು ಸಾಲು ಸೇರಿಸಿ: ಈ ಬೇಸಿಗೆಯಲ್ಲಿ ಮೊದಲ ಸಲ ಪುಸ್ತಕ ಒಯ್ದವರು ಎಷ್ಟು, ಮೂರನೆಯ ಪಟ್ಟಿಯಿಂದ ಬಂದವರು ಎಷ್ಟು, ಬಂದು ಆಮೇಲೆ ಬಿಟ್ಟವರು ಎಷ್ಟು ಮತ್ತು ಏಕೆ. ಮಕ್ಕಳ ಫೋಟೊ ತೆಗೆಯುವಾಗ ಒಂದು ಮಗುವನ್ನು 'ಬಡ ಮಗು', 'ದಲಿತ ಮಗು' ಎಂದು ನಿಲ್ಲಿಸಿ ತೆಗೆಯಬೇಡಿ. ವಾಟ್ಸ್‌ಆ್ಯಪ್ ಗುಂಪಿಗೆ ಹೋದದ್ದು ಸಂಜೆಯೊಳಗೆ ಊರಿಗೆಲ್ಲ ಹೋಗುತ್ತದೆ.

ಶಾಲೆ ತೆರೆದ ವಾರ ಮುಖ್ಯಶಿಕ್ಷಕರಿಗೆ ಎರಡು ಪಟ್ಟಿ ಕೊಡಿ. ಒಂದರಲ್ಲಿ ಓದಲು ಇನ್ನೂ ಕಷ್ಟಪಡುವ ಮಕ್ಕಳ ಹೆಸರು, ಯಾವ ಅಕ್ಷರದವರೆಗೆ ಬಂದಿದ್ದಾರೆ ಎಂಬ ವಿವರದೊಂದಿಗೆ. ಇನ್ನೊಂದರಲ್ಲಿ ಗುಳೆಯಿಂದ ಮರಳದ ಮಕ್ಕಳ ಹೆಸರು, ಹೋದ ಊರು, ಕರೆದೊಯ್ದ ಮೇಸ್ತ್ರಿಯ ಫೋನ್ ನಂಬರು. ಹೆಸರು ಹೊಡೆದು ಹಾಕುವ ಮೊದಲು ಮಕ್ಕಳು ಹೋದ ಕಡೆಯ ಶಾಲೆಗೆ ಸೇರಿಸಲು ಅವರಿಗೆ ಅದು ಬೇಕಾಗುತ್ತದೆ. ಎರಡನೆಯ ಪಟ್ಟಿಯ ನಕಲನ್ನು ನಿಮ್ಮ ಮೇಜಿನ ಗಾಜಿನ ಕೆಳಗೆ ಇಟ್ಟುಕೊಳ್ಳಿ, ದಸರಾ ರಜೆಯಲ್ಲಿ ಮತ್ತೆ ಮನೆಗಳಿಗೆ ಹೋಗುವಾಗ ಉಪಯೋಗಕ್ಕೆ ಬರುತ್ತದೆ.